'ಸುಸ್ಥಿರ ಭೂದೃಶ್ಯ': ಉದ್ಯಾನದ ಕೆಲಸಕ್ಕೆ ಈ ಮಾತು ಹೊಂದುತ್ತದೆಯೇ?

ಗೆಳೆಯರೇ,

ಒಂದು ಗೊಂಚಲು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕಾಗಿದೆ. ಸಾರ್ವಜನಿಕ ಉದ್ಯಾನಗಳನ್ನು ನೋಡಿಕೊಳ್ಳುವವರಿಗಾಗಿ ಇರುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಉದ್ಯಾನ, ಚೌಕ, ಬೀದಿಬದಿಯ ಹಸಿರನ್ನು ಕಡಿಮೆ ನೀರಿನಲ್ಲಿ, ಮಣ್ಣನ್ನು ಕೆಡಿಸದೆ ರೂಪಿಸುವುದು ಹೇಗೆ, ಆಮೇಲೆ ಉಳಿಸಿಕೊಳ್ಳುವುದು ಹೇಗೆ ಅನ್ನುವುದು ಅದರ ವಿಷಯ. ಇಂಗ್ಲಿಷಿನಲ್ಲಿ ಇದಕ್ಕೆ ಸಸ್ಟೇನಬಲ್ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಅನ್ನುತ್ತಾರೆ. ನಿಘಂಟು ನೋಡಿಕೊಂಡು ಪದಕ್ಕೆ ಪದ ಇಟ್ಟರೆ 'ಸುಸ್ಥಿರ ಭೂದೃಶ್ಯ ವಾಸ್ತುಶಿಲ್ಪ' ಆಗುತ್ತದೆ. ಮೊದಲ ಕರಡಿನಲ್ಲಿ ನಾನೂ ಹಾಗೇ ಬರೆದಿದ್ದೆ. ಈಗ ಮೂರು ಪದಗಳ ಮೇಲೂ ಅನುಮಾನ ಬಂದಿದೆ.

ಅನುಮಾನ ಹುಟ್ಟಿಸಿದವರು ಒಬ್ಬ ಹಿರಿಯ ಮಾಲಿ. ಕೈಪಿಡಿ ಅವರಂಥವರಿಗೇ ಅಲ್ವಾ, ಅರ್ಥ ಆಗುತ್ತದೆಯೇ ನೋಡೋಣ ಅಂತ ಕರಡನ್ನು ಓದಿ ಹೇಳಿದೆ. 'ಸುಸ್ಥಿರ' ಬಂದ ಕೂಡಲೇ ತಡೆದರು. "ಸ್ಥಿರ ಅಂದ್ರೆ ಇದ್ದ ಹಾಗೇ ಇರೋದು ಅಲ್ವಾ ಸಾರ್? ಗಿಡ ಇದ್ದ ಹಾಗೇ ಇದ್ರೆ ಅದು ಸತ್ತಿದೆ ಅಂತ ಅರ್ಥ." ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ. ಅದಕ್ಕೇ ಈ ಪತ್ರ.

ಮೊದಲು 'ಭೂದೃಶ್ಯ'. ಇದು ಕಣ್ಣಿನ ಪದ. ಚಿತ್ರಕಲೆಗೆ ಚೆನ್ನಾಗಿ ಒಪ್ಪುತ್ತದೆ. ಲ್ಯಾಂಡ್‌ಸ್ಕೇಪ್ ಕೂಡ ಇಂಗ್ಲಿಷಿಗೆ ಬಂದಿದ್ದು ಡಚ್ ಚಿತ್ರಗಾರರ ಮಾತಾಗಿಯೇ. ಆದರೆ ಡಚ್ಚಿನ ಮೂಲ ಪದಕ್ಕೆ ಒಂದು ಸೀಮೆ, ಒಂದು ಪ್ರದೇಶ ಅನ್ನುವ ಅರ್ಥವಿತ್ತು. ನೆಲವೇ ಮೊದಲು, ಚಿತ್ರ ಆಮೇಲೆ. ಇಂಗ್ಲಿಷಿನವರಿಗೆ ಎರಡನೆಯ ಅರ್ಥ ಮೊದಲು ಸಿಕ್ಕಿತು. ಕನ್ನಡಕ್ಕೆ ತರುವಾಗ ನಾವು ಚಿತ್ರವನ್ನಷ್ಟೇ ತಂದೆವು, ಸೀಮೆಯನ್ನು ಬಿಟ್ಟೆವು.

ಇದರಿಂದ ತೊಂದರೆ ಏನು? ಈ ಕೆಲಸದಲ್ಲಿ ಮುಖ್ಯವಾದದ್ದು ಬಹಳಷ್ಟು ಕಣ್ಣಿಗೆ ಬೀಳುವುದೇ ಇಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಗ್ಯಾಸ್ ವರ್ಕ್ಸ್ ಪಾರ್ಕ್ ಇದೆ. 1906ರಿಂದ 1956ರವರೆಗೆ ಅಲ್ಲಿ ಅನಿಲ ತಯಾರಿಸುವ ಕಾರ್ಖಾನೆ ಇತ್ತು. ನೆಲದ ತುಂಬ ಟಾರು, ಎಣ್ಣೆ. ಅದನ್ನು ಉದ್ಯಾನವಾಗಿ ರೂಪಿಸಿದ ರಿಚರ್ಡ್ ಹಾಗ್ ಆ ಮಣ್ಣನ್ನೆಲ್ಲ ತೆಗೆದು ಹೊರಗೆ ಸಾಗಿಸುವ ಬದಲು, ಆದಷ್ಟನ್ನು ಅಲ್ಲೇ ಗುಣಪಡಿಸಲು ಹೊರಟರು. ಮರದ ಹೊಟ್ಟು, ಚರಂಡಿ ನೀರು ಶುದ್ಧಮಾಡಿದಾಗ ಉಳಿಯುವ ಕೆಸರು ಇಂಥವನ್ನು ಮಣ್ಣಿಗೆ ಬೆರೆಸಿ, ಎಣ್ಣೆಯನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳಿಗೆ ಅನುಕೂಲ ಮಾಡಿಕೊಟ್ಟರು. 1975ರಲ್ಲಿ ಉದ್ಯಾನ ಜನಕ್ಕೆ ತೆರೆಯಿತು. ಹಳೆಯ ಕಾರ್ಖಾನೆಯ ಗೋಪುರಗಳು ಇಂದಿಗೂ ಅಲ್ಲಿ ನಿಂತಿವೆ, ಎಲ್ಲರೂ ಅವುಗಳ ಫೋಟೋ ತೆಗೆಯುತ್ತಾರೆ. ಆದರೆ ಕೆಲಸ ನಡೆದದ್ದು ಮಣ್ಣಿನೊಳಗೆ. ಅದನ್ನು 'ದೃಶ್ಯ' ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

'ವಾಸ್ತುಶಿಲ್ಪ' ಸೇರಿದರೆ ಗೊಂದಲ ಇನ್ನೂ ಜಾಸ್ತಿ. ವಾಸ್ತು ಅಂದಾಗ ಕಟ್ಟಡ, ಶಿಲ್ಪ ಅಂದಾಗ ಕಲ್ಲು ಮನಸ್ಸಿಗೆ ಬರುತ್ತದೆ. ಉದ್ಯಾನದಲ್ಲಿ ಪ್ರತಿಮೆ ನಿಲ್ಲಿಸುವ ಕೆಲಸವೇನೋ ಅಂದುಕೊಳ್ಳುವವರಿದ್ದಾರೆ. ಇದು ಕನ್ನಡಕ್ಕೆ ಮಾತ್ರ ಬಂದ ಕಷ್ಟವಲ್ಲ ಅನ್ನುವುದು ಸ್ವಲ್ಪ ಸಮಾಧಾನ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ 1860ರ ದಶಕದಲ್ಲಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಅನ್ನುವುದನ್ನು ತಮ್ಮ ವೃತ್ತಿಯ ಹೆಸರಾಗಿ ಬಳಸತೊಡಗಿದರು. ಆದರೆ 1865ರಲ್ಲಿ ಓಮ್‌ಸ್ಟೆಡ್ ವಾಕ್ಸ್‌ಗೆ ಬರೆದ ಕಾಗದದಲ್ಲಿ ಆ ಹೆಸರಿನ ಮೇಲೆ ಬೇಸರ ತೋಡಿಕೊಂಡಿದ್ದಾರೆ. ಮೊದಲ ಪದವೂ ಸರಿಯಿಲ್ಲ, ಎರಡನೆಯದೂ ಸರಿಯಿಲ್ಲ, ಎರಡನ್ನು ಸೇರಿಸಿದರೂ ಸರಿಹೋಗಲಿಲ್ಲ ಅನ್ನುವುದು ಅವರ ಅಳಲು. ಆ ವೃತ್ತಿಗೆ ಹೆಸರು ತಂದುಕೊಟ್ಟವರಿಗೇ ಒಪ್ಪದ ಪದವನ್ನು ನಾವು ಅಕ್ಷರಕ್ಕೆ ಅಕ್ಷರ ಅನುವಾದ ಮಾಡಿ ಹೊತ್ತುಕೊಳ್ಳಬೇಕೇ?

ಹಾಗಾದರೆ ಏನನ್ನೋಣ? 'ನೆಲವಿನ್ಯಾಸ' ಅಂದರೆ ಟೈಲ್ಸ್ ಹಾಕುವವರ ಕೆಲಸ ಅನ್ನಿಸುತ್ತದೆ. ಕನ್ನಡದ ನೆಲ ಮನೆಯೊಳಗೂ ಇದೆ, ಹೊರಗೂ ಇದೆ. 'ಹೊರಾಂಗಣ ವಿನ್ಯಾಸ' ಚೆನ್ನಾಗಿದೆ. ಒಳಾಂಗಣ ವಿನ್ಯಾಸ ಆಗಲೇ ಬಳಕೆಯಲ್ಲಿರುವುದರಿಂದ ಜೋಡಿಯೂ ಕೂಡುತ್ತದೆ. ಆದರೆ ಅಂಗಣ ಅಂದಾಗ ಒಂದು ಕಟ್ಟಡದ ಮುಂದಿನ ಜಾಗ ನೆನಪಾಗುತ್ತದೆ, ಊರಿನ ನಡುವೆ ಹರಿಯುವ ಹೊಳೆಯ ದಂಡೆ ಅದರಲ್ಲಿ ಹಿಡಿಸುವುದಿಲ್ಲ. ನನ್ನ ಒಲವು 'ಬಯಲು ವಿನ್ಯಾಸ'ದ ಕಡೆಗಿದೆ. ಉದ್ಯಾನ, ಚೌಕ, ಆಟದ ಜಾಗ, ಹೊಳೆಯ ದಂಡೆ, ಇವೆಲ್ಲ ಊರಿನ ಬಯಲುಗಳೇ. ಎಲ್ಲರಿಗೂ ಸೇರಿದ್ದು ಅನ್ನುವ ಅರ್ಥವೂ ಆ ಪದದಲ್ಲಿ ಸುಮ್ನೆ ಬಂದುಬಿಡುತ್ತದೆ. ಬಯಲು ಅಂದರೆ ಮರವಿಲ್ಲದ ಬರಿ ಜಾಗ ಅಂತ ಯಾರಾದರೂ ಹೇಳಬಹುದು. ಆ ಆಕ್ಷೇಪಕ್ಕೆ ನಿಮ್ಮ ಉತ್ತರ ಏನು, ತಿಳಿಸಿ.

ಈಗ 'ಸುಸ್ಥಿರ'. ನನ್ನನ್ನು ಹೆಚ್ಚು ಕಾಡುತ್ತಿರುವುದು ಇದೇ.

ಈ ವಿಚಾರ ಹುಟ್ಟಿದ್ದು ಕಾಡಿನಲ್ಲಿ. ಜರ್ಮನಿಯ ಸ್ಯಾಕ್ಸನಿಯಲ್ಲಿ ಗಣಿಗಳ ಆಡಳಿತ ನೋಡುತ್ತಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ 1713ರಲ್ಲಿ ಅರಣ್ಯದ ಬಗ್ಗೆ ಒಂದು ಪುಸ್ತಕ ಬರೆದರು. ಗಣಿ ಮತ್ತು ಕುಲುಮೆಗಳಿಗೆ ಸೌದೆ ಸಾಲದೆ ಬಂದ ಕಾಲ ಅದು. ಬೆಳೆಯುವಷ್ಟನ್ನೇ ಕಡಿಯಬೇಕು, ಕಡಿದದ್ದನ್ನು ಮತ್ತೆ ನೆಡಬೇಕು ಅನ್ನುವುದು ಅವರ ವಾದದ ತಿರುಳು. ಅವರು ಬಳಸಿದ ಜರ್ಮನ್ ಪದಕ್ಕೆ 'ಮುಂದಕ್ಕೂ ಹಿಡಿದಿರುವುದು' ಅನ್ನುವ ಭಾವವಿದೆ. ಇಂಗ್ಲಿಷಿನ ಸಸ್ಟೇನ್ ಲ್ಯಾಟಿನ್ನಿನಿಂದ ಬಂದಿದ್ದು, 'ಕೆಳಗಿನಿಂದ ಎತ್ತಿ ಹಿಡಿ' ಅನ್ನುವುದು ಅದರ ಮೂಲ ಅರ್ಥ. ಎರಡರಲ್ಲೂ ಹಿಡಿಯುವುದು, ಹೊರುವುದು ಇದೆ. ಅಲುಗಾಡದೆ ನಿಲ್ಲುವುದು ಎರಡರಲ್ಲೂ ಇಲ್ಲ. 'ಸ್ಥಿರ' ನಮ್ಮ ಕಡೆಯಿಂದ ಸೇರಿಕೊಂಡದ್ದು.

ಉದ್ಯಾನದ ಮಟ್ಟಿಗೆ ಈ ವ್ಯತ್ಯಾಸ ದೊಡ್ಡದು. ಸಿಂಗಾಪುರದ ಬಿಶಾನ್-ಆಂಗ್ ಮೋ ಕಿಯೋ ಪಾರ್ಕಿನ ಪಕ್ಕದಲ್ಲಿ ಕಾಲಾಂಗ್ ನದಿ 2.7 ಕಿಲೋಮೀಟರ್ ಉದ್ದದ ನೇರವಾದ ಕಾಂಕ್ರೀಟ್ ಕಾಲುವೆಯಾಗಿ ಹರಿಯುತ್ತಿತ್ತು. 2012ರ ಹೊತ್ತಿಗೆ ಆ ಕಾಂಕ್ರೀಟನ್ನು ಒಡೆದು, ನದಿಯನ್ನು ಪಾರ್ಕಿನೊಳಕ್ಕೆ ಬಿಟ್ಟು, 3.2 ಕಿಲೋಮೀಟರಿನ ಬಳುಕುವ ಹೊಳೆಯಾಗಿ ಮಾಡಿದರು. ದಂಡೆಗೆ ಗಿಡದ ಬೇರುಗಳೇ ಕಟ್ಟು. ಒಣ ದಿನಗಳಲ್ಲಿ ಜನ ನೀರಿನ ಹತ್ತಿರ ಹೋಗಿ ಕೂರುತ್ತಾರೆ. ಜೋರು ಮಳೆ ಬಂದರೆ ಹೊಳೆ ಅಗಲವಾಗಿ ಹುಲ್ಲಿನ ಮೇಲೆ ಹರಡುತ್ತದೆ, ಜನ ಮೇಲಕ್ಕೆ ಸರಿಯುತ್ತಾರೆ. ಹಾಗೆ ಹರಡಲೆಂದೇ ಆ ಜಾಗ ಬಿಟ್ಟಿದ್ದಾರೆ. ಇಲ್ಲಿ ಸ್ಥಿರವಾಗಿದ್ದದ್ದು ಹಳೆಯ ಕಾಂಕ್ರೀಟ್ ಕಾಲುವೆ. ಹೊಸ ಹೊಳೆ ಮಳೆ ಬಂದಾಗ ಒಂದು ಥರ, ಹೋದಾಗ ಒಂದು ಥರ. ನಮ್ಮ ಪದ ತಪ್ಪು ಕಡೆಗೆ ಬೆರಳು ತೋರಿಸುತ್ತಿದೆ, ಅಲ್ವಾ?

ಬದಲಿಗೆ 'ಬಾಳಿಕೆ' ಅನ್ನಬಹುದೇ ಅಂತ ಯೋಚಿಸಿದೆ. ಬಾಳಿಕೆ ಬರುವ ಉದ್ಯಾನ. ಕೇಳಲು ಸರಳ. ಆದರೆ ಬಾಳಿಕೆಯನ್ನು ನಾವು ಪಾತ್ರೆಗೆ, ಬಟ್ಟೆಗೆ, ಗಾರೆ ನೆಲಕ್ಕೆ ಹೇಳುತ್ತೇವೆ. ಸಿಮೆಂಟು ಬಳಿದ ಚೌಕಕ್ಕೆ 50 ವರ್ಷ ಬಾಳಿಕೆ ಬಂದರೂ ಅದು ಮಳೆ ನೀರನ್ನೆಲ್ಲ ಚರಂಡಿಗೆ ಅಟ್ಟುತ್ತಿದ್ದರೆ ಈ ಕೈಪಿಡಿಯ ಲೆಕ್ಕದಲ್ಲಿ ಅದು ಪಾಸಾಗುವುದಿಲ್ಲ.

ಇನ್ನೂ ಒಂದು ಬಗೆಯ ಉದಾಹರಣೆ ಇದೆ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಮೇಲ್ಸೇತುವೆ ರಸ್ತೆಯನ್ನು ಕೆಡವಿ, ಅದರಡಿ ಮುಚ್ಚಿಹೋಗಿದ್ದ ಚೊಂಗ್ಯೆಚೊನ್ ಹೊಳೆಯನ್ನು 2005ರಲ್ಲಿ ಮತ್ತೆ ತೆರೆದರು. ಸುಮಾರು 5.8 ಕಿಲೋಮೀಟರ್. ಸುತ್ತಲಿನ ಬೀದಿಗಳಿಗಿಂತ ತಂಪು, ಜನರಿಗೆ ಪ್ರೀತಿ. ಆದರೆ ಅಲ್ಲಿ ಹರಿಯುವ ನೀರಿನ ಹೆಚ್ಚು ಪಾಲನ್ನು ಹಾನ್ ನದಿಯಿಂದ ದಿನವೂ ಪಂಪು ಮಾಡಿ ತರಬೇಕು. ಆ ಕೆಲಸವನ್ನು ನಾನು ಕಡಿಮೆ ಅನ್ನುವುದಿಲ್ಲ. ರಸ್ತೆ ಕೆಡವಿ ಹೊಳೆ ತರುವ ಧೈರ್ಯ ಎಷ್ಟು ಊರುಗಳಿಗಿದೆ? ಆದರೂ ಪಂಪು ನಿಂತರೆ ಹೊಳೆ ಬಡವಾಗುತ್ತದೆ. ನಮಗೆ ಬೇಕಾದ ಪದ ಈ ಎರಡು ಹೊಳೆಗಳ ನಡುವಿನ ವ್ಯತ್ಯಾಸವನ್ನು ಹೇಳುವಂತಿರಬೇಕು.

ಹುಡುಕುತ್ತಾ ಹೋದಾಗ ನಿಂತದ್ದು 'ತಾಳು' ಅನ್ನುವ ಕ್ರಿಯಾಪದದ ಹತ್ತಿರ. ತಾಳು ಅಂದರೆ ಹೊರು, ಸಹಿಸು. ಸಸ್ಟೇನ್‌ನ ಮೂಲ ಅರ್ಥಕ್ಕೆ ಹತ್ತಿರ. ರೂಪ ತಾಳು ಅನ್ನುವಾಗ ಅದೇ ಪದಕ್ಕೆ ಬದಲಾಗುವ ಅರ್ಥವೂ ಇದೆ. ಸ್ಥಿರದಲ್ಲಿ ಇಲ್ಲದ್ದು ಇದೇ. 'ತಾಳಿದವನು ಬಾಳಿಯಾನು' ಅನ್ನುವ ಗಾದೆ ಎಲ್ಲರಿಗೂ ಗೊತ್ತು. ಹಾಗಾಗಿ 'ತಾಳಿಬಾಳುವ ಉದ್ಯಾನ', 'ತಾಳಿಬಾಳುವ ಬಯಲು' ಅನ್ನಬಹುದೇ? ನೆರೆ, ಬಿಸಿಲು, ಜನರ ಓಡಾಟ ಇವನ್ನು ತಾಳುತ್ತದೆ. ಬೇರೆ ಕಡೆಯ ನೀರಿಗೆ ಕೈಯೊಡ್ಡದೆ ಬಾಳುತ್ತದೆ. ಸಾಮಾನಿಗೂ 'ಬಾಳುತ್ತೆ' ಅಂತೀವಿ, ನಿಜ. ಆದರೆ ಬಾಳು ಅಂತ ಹರಸುವುದು ಜೀವವಿರುವುದಕ್ಕೆ ಮಾತ್ರ. ಸುಸ್ಥಿರ ಅಭಿವೃದ್ಧಿ ಅನ್ನುವ ಮಾತು ಪತ್ರಿಕೆಗಳಲ್ಲಿ, ಪಠ್ಯಗಳಲ್ಲಿ ನೆಲೆಯೂರಿದೆ. ಅದನ್ನು ಅಲ್ಲಿಂದ ಕೀಳಬೇಕು ಅಂತ ನಾನು ಹೇಳುತ್ತಿಲ್ಲ. ಗಿಡ, ಮಣ್ಣು, ನೀರಿನ ಮಾತು ಬಂದಾಗಲಾದರೂ ಬೇರೆ ಪದ ಇರಲಿ ಅನ್ನುವುದಷ್ಟೇ ಆಸೆ.

ಇನ್ನು ಚಿಕ್ಕ ಪದಗಳು. ಇಲ್ಲಿ ಪದ ತಪ್ಪಿದರೆ ಕೆಲಸವೇ ತಪ್ಪುತ್ತದೆ. ನನಗೆ ಹಾಗೇ ಆಯಿತು. ಸ್ವೇಲ್ ಅಂತ ಒಂದಿದೆ. ದಾರಿಯ ಪಕ್ಕ ತೆಗೆಯುವ, ಅಗಲವಾದ, ಆಳವಿಲ್ಲದ, ಹುಲ್ಲು ಅಥವಾ ಗಿಡ ಬೆಳೆಸಿದ ಕಾಲುವೆ. ಮಳೆ ನೀರಿನ ಓಟ ತಗ್ಗಿಸಿ, ಕಸ ಸೋಸಿ, ನೆಲಕ್ಕೆ ಇಳಿಸುವುದು ಅದರ ಕೆಲಸ. ಕರಡಿನಲ್ಲಿ ನಾನು 'ಬಸಿಗಾಲುವೆ' ಅಂತ ಬರೆದಿದ್ದೆ. ಮಾಲಿ ಕೇಳಿದರು, "ಬಸಿಯೋಕಾದ್ರೆ ಆಳ ತೆಗೆದು ಇಳಿಜಾರು ಕೊಡಬೇಕು. ನೀವು ಆಳ ಬೇಡ ಅಂತೀರಲ್ಲ?" ಸರಿಯಾದ ಮಾತು. ಬಸಿಗಾಲುವೆ ನೆಲದಲ್ಲಿ ಹೆಚ್ಚಾದ ನೀರನ್ನು ಹೊರಗೆ ಹಾಕುತ್ತದೆ. ಸ್ವೇಲ್ ನೀರನ್ನು ಒಳಗೆ ಕಳಿಸುತ್ತದೆ. ಪೂರ್ತಿ ಉಲ್ಟಾ. "ಹಾಗಾದ್ರೆ ನೆಲ ನೀರು ಕುಡಿಯೋ ಹಾಗೆ ಮಾಡೋದು ಅನ್ನಿ," ಅಂದರು ಅವರು. ಈಗ 'ಇಂಗುಗಾಲುವೆ' ಅಂತ ತಿದ್ದಿದ್ದೇನೆ. ಇಂಗುಗುಂಡಿ ಆಗಲೇ ಎಲ್ಲರ ಬಾಯಲ್ಲಿದೆ. ಬೀಸುಕಲ್ಲು, ಕಡೆಗೋಲು ಥರ ಕ್ರಿಯಾಪದಕ್ಕೆ ನೇರವಾಗಿ ನಾಮಪದ ಅಂಟಿಸುವುದು ಕನ್ನಡಕ್ಕೆ ಹೊಸದೇನಲ್ಲ.

ಅದೇ ದಾರಿಯಲ್ಲಿ ರೈನ್ ಗಾರ್ಡನ್‌ಗೂ ಪದ ಬೇಕು. 1990ರ ಸುಮಾರಿಗೆ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಮನೆಗಳ ಚಾವಣಿ ನೀರನ್ನು ಇಂಗಿಸಲು ಶುರುವಾದ ವಿಧಾನ ಇದು. ಗೇಣುದ್ದ ಆಳದ ತಗ್ಗು ಮಾಡಿ, ನೀರು ನಿಂತರೂ ಒಣಗಿದರೂ ಸಾಯದ ಗಿಡ ನೆಡುತ್ತಾರೆ. ಒಂದೆರಡು ದಿನದಲ್ಲಿ ನೀರು ಇಂಗಿಹೋಗಬೇಕು. ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು, ಹಾಗಾಗಿ ಅದಕ್ಕೆ ಅವಕಾಶ ಸಿಗುವುದಿಲ್ಲ. 'ಮಳೆತೋಟ' ಅಂದರೆ ಮಳೆ ನಂಬಿ ಬೆಳೆಯುವ ತೋಟ ಅನ್ನಿಸುತ್ತದೆ. 'ಗುಂಡಿ' ಅಂದರೆ ಜನ ಹೆದರುತ್ತಾರೆ. 'ಇಂಗುತಗ್ಗು' ಹೇಗೆ? ನೀರು ಇಳಿಯುವ ನೆಲಹಾಸಿಗೆ 'ಇಂಗುಹಾಸು' ಅಂತ ಇಟ್ಟಿದ್ದೇನೆ. ಕಲ್ಲುಗಳ ಸಂದಿಯಲ್ಲಿ ಮರಳಿನ ಬದಲು ಸಣ್ಣ ಜಲ್ಲಿ, ಅಡಿಯಲ್ಲಿ ದಪ್ಪ ಜಲ್ಲಿಯ ಪದರ, ನೀರು ಅಲ್ಲಿ ತಂಗಿ ನಿಧಾನವಾಗಿ ಇಳಿಯುತ್ತದೆ. 'ಪಾರಗಮ್ಯ' ಅನ್ನುವುದಕ್ಕಿಂತ ಇದು ಕೆಲಸಗಾರರಿಗೆ ಬೇಗ ತಿಳಿಯುತ್ತದೆ. ಮಳೆ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವ ಊರಿಗೆ ಹೇಳುವ 'ಸ್ಪಂಜು ನಗರ'ಕ್ಕೆ ಮಾತ್ರ ಹೊಸ ಪದ ಬೇಡ. ಸ್ಪಂಜು ಎಲ್ಲರಿಗೂ ಗೊತ್ತು.

ಮರದಿಂದ ಉದುರಿದ ಎಲೆಗೆ ಉದ್ಯಾನದಲ್ಲಿ ಸಾಮಾನ್ಯವಾಗಿ 'ಕಸ' ಅನ್ನುತ್ತಾರೆ. ಕಸ ಅಂದ ಮೇಲೆ ಗುಡಿಸಬೇಕು, ಗುಡಿಸಿದ ಮೇಲೆ ಸುಡಬೇಕು. ಅದೇ ತರಗೆಲೆಯನ್ನು ಗಿಡದ ಸುತ್ತ ಎರಡರಿಂದ ನಾಲ್ಕು ಇಂಚು ಹರಡಿದರೆ, ಕಾಂಡಕ್ಕೆ ತಾಗದ ಹಾಗೆ, ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ, ಕೊಳೆತು ಗೊಬ್ಬರವೂ ಆಗುತ್ತದೆ. ಹೀಗೆ ಹರಡುವ ಪದರಕ್ಕೆ ಇಂಗ್ಲಿಷಿನಲ್ಲಿ ಮಲ್ಚ್ ಅನ್ನುತ್ತಾರೆ. ಮಲ್ಚ್‌ಗೆ 'ಹೊದಿಕೆ', 'ಮುಚ್ಚಿಗೆ' ಎರಡೂ ಇವೆ. ನನಗೆ ಹೊದಿಕೆಯೇ ಇಷ್ಟ. ಹೊದಿಕೆ ಅಂತ ಕರೆದ ಮೇಲೆ ಅದನ್ನು ಗುಡಿಸಿ ಹಾಕಲು ಕೈ ಸುಲಭವಾಗಿ ಬರುವುದಿಲ್ಲ.

ಸಿಕ್ಕಿಹಾಕಿಕೊಂಡಿರುವ ಇನ್ನೊಂದು ಪದ ನೇಟಿವ್ ಪ್ಲಾಂಟ್, ಅಂದರೆ ಒಂದು ಜಾಗದಲ್ಲಿ ತಾನಾಗಿ ಬೆಳೆಯುತ್ತಾ ಬಂದ ಗಿಡ. 'ದೇಸಿ' ಅಂದರೆ ದೇಶ ಬಂತು. ಗಿಡಕ್ಕೆ ದೇಶದ ಗಡಿ ಗೊತ್ತಿಲ್ಲ, ಮಳೆ ಮತ್ತು ಮಣ್ಣು ಗೊತ್ತು. ಒಂದೇ ದೇಶದ ಒಣಭೂಮಿಯ ಗಿಡ ಅದೇ ದೇಶದ ಮಳೆಕಾಡಿನಲ್ಲಿ ಹೊರಗಿನದೇ. 'ಸ್ಥಳೀಯ' ಅಂದರೆ ಹತ್ತಿರದ ನರ್ಸರಿಯಲ್ಲಿ ಸಿಕ್ಕಿದ್ದು ಅಂತ ಓದಿಕೊಂಡವರಿದ್ದಾರೆ. 'ನೆಲಗಿಡ' ಅಂದರೆ ನೆಲಕ್ಕೆ ಹಬ್ಬುವ ಗಿಡ. ಸದ್ಯಕ್ಕೆ 'ಆ ನೆಲದ ಗಿಡ' ಅಂತ ಬಿಡಿಸಿ ಬರೆಯುತ್ತಿದ್ದೇನೆ. ಪ್ರತಿ ಪುಟದಲ್ಲೂ ಹೀಗೆ ಬರೆಯುವುದು ಕಷ್ಟ.

ನಿಮ್ಮಲ್ಲಿ ತೋಟ, ಗದ್ದೆ, ನರ್ಸರಿಯ ಕೆಲಸ ಬಲ್ಲವರು ಇದ್ದರೆ ಎರಡು ಪ್ರಶ್ನೆ. ಆಯಾ ಜಾಗದಲ್ಲಿ ತಾನಾಗಿ ಹುಟ್ಟಿ ಬೆಳೆಯುತ್ತಾ ಬಂದ ಗಿಡಕ್ಕೆ ನಿಮ್ಮ ಕಡೆ ಒಂದೇ ಪದದ ಹೆಸರು ಇದೆಯೇ? ನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುವ ಮಣ್ಣಿಗೆ, 'ಕುಡಿಯುತ್ತೆ' ಅನ್ನುವುದು ಬಿಟ್ಟು, ಬೇರೆ ಏನನ್ನುತ್ತೀರಿ?