ಸ್ಪ್ಲೆಂಡರ್ ಬೈಕಿನ ಹಿಂದಿನ ಚಕ್ರ ಓರೆಯಾಗಿ ಕೂರುತ್ತಿದೆ, ಸರಿಪಡಿಸುವುದು ಹೇಗೆ?

ಮಲೆನಾಡ ಸವಾರ:
ಎಲ್ಲರಿಗೂ ನಮಸ್ಕಾರ. ಕಳೆದ ವಾರ ನನ್ನ ಹೀರೋ ಸ್ಪ್ಲೆಂಡರ್‌ನ ಹಿಂದಿನ ಟ್ಯೂಬು ಪಂಕ್ಚರ್ ಆದಾಗ, ಅಂಗಡಿ ದೂರವಿದ್ದುದರಿಂದ ಚಕ್ರವನ್ನು ನಾನೇ ಬಿಚ್ಚಿ ಕೊಂಡೊಯ್ದು, ಪಂಕ್ಚರ್ ಹಾಕಿಸಿ ತಂದು ಕೂರಿಸಿದೆ. ಚೈನ್ ಸಡಿಲವೆನಿಸಿದ್ದರಿಂದ ಅದನ್ನೂ ಬಿಗಿ ಮಾಡಲು ಹೋದೆ. ಬಲಬದಿಯ ಅಡ್ಜಸ್ಟರ್ (ಚಕ್ರವನ್ನು ಹಿಂದಕ್ಕೆ ಎಳೆದು ಚೈನ್ ಬಿಗಿ ಮಾಡುವ ಭಾಗ) ಸಲೀಸಾಗಿ ಸರಿಯಿತು, ಎಡಬದಿಯದು ನಟ್ ಎಷ್ಟು ತಿರುಗಿಸಿದರೂ ಕದಲಲಿಲ್ಲ. ಅಂದಿನಿಂದ ಗಾಡಿ ಎಡಕ್ಕೆ ಎಳೆಯುತ್ತಿದೆ, ಚೈನ್ ಕವರಿನೊಳಗೆ ಉಜ್ಜುವ ಸದ್ದೂ ಇದೆ. ದಯವಿಟ್ಟು ತಿಳಿದವರು ದಾರಿ ತೋರಿಸಿ.

ಗ್ಯಾರೇಜ್ ಅಣ್ಣ:
ಈ ಬೈಕಿನ ಎಡಬದಿಯಲ್ಲಿ ಆಕ್ಸಲ್ (ಚಕ್ರದ ನಡುವೆ ಹಾಯುವ ಕಂಬಿ) ನಟ್ ಅಲ್ಲದೆ ಸ್ಲೀವ್ ನಟ್ ಎಂಬ ಇನ್ನೊಂದು ದೊಡ್ಡ ನಟ್ ಇದೆ. ಆಕ್ಸಲ್ ಎಳೆದಾಗ ಚಕ್ರ ಮಾತ್ರ ಕಪ್ಲಿಂಗ್ ರಬ್ಬರಿನಿಂದ ಬಿಡಿಸಿಕೊಂಡು ಹೊರಬಂದು, ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಮತ್ತು ಚೈನ್ ಎರಡೂ ಸ್ವಿಂಗ್ ಆರ್ಮಿನಲ್ಲೇ (ಹಿಂದಿನ ಚಕ್ರವನ್ನು ಹಿಡಿದಿರುವ ಕವಲು) ಉಳಿಯುವುದು ಅದರ ಹಿಡಿತದಿಂದಲೇ. ಪಂಕ್ಚರಿಗಾಗಿ ಅದನ್ನು ಮುಟ್ಟಬೇಕಿಲ್ಲ, ಆದರೆ ಚೈನ್ ಬಿಗಿ ಮಾಡುವಾಗ ಅದನ್ನೂ ಸಡಿಲಿಸಲೇಬೇಕು. ನೀವು ಸಡಿಲಿಸದೇ ಇದ್ದುದರಿಂದ ಬಲಬದಿ ಮಾತ್ರ ಹಿಂದೆ ಸರಿದು ಚಕ್ರ ಓರೆಯಾಗಿದೆ. ಎರಡೂ ನಟ್ ಸಡಿಲಿಸಿ, ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಚೈನ್ ಅತಿ ಬಿಗಿಯಾಗಿರುವ ಜಾಗವನ್ನು ಹುಡುಕಿ, ಅಲ್ಲಿ ಕೆಳಗಿನ ಚೈನ್ ಮೇಲೆ ಕೆಳಗೆ ಸುಮಾರು 25 ಮಿ.ಮೀ. ಆಡುವಂತೆ ಇಡಿ. ಸಡಿಲ ಜಾಗದಲ್ಲಿ ಅಳೆದರೆ ಬಿಗಿ ಜಾಗದಲ್ಲಿ ಚೈನ್ ಅತಿಯಾಗಿ ಎಳೆದು ಬೇರಿಂಗಿಗೆ ಪೆಟ್ಟು.

ದಾರದ ಲೆಕ್ಕ:
ಎರಡೂ ಬದಿ ಸಮವಾಗಿವೆಯೇ ಎಂದು ನೋಡಲು ಸ್ವಿಂಗ್ ಆರ್ಮ್ ಮೇಲಿರುವ ಗೀಟುಗಳನ್ನು ಮಾತ್ರ ನಂಬಬೇಡಿ, ಹಳೆಯ ಗಾಡಿಗಳಲ್ಲಿ ಅವು ಮೋಸ ಮಾಡುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಟೈರಿನ ಹಿಂಬದಿಗೆ ಉದ್ದನೆಯ ದಾರ ಸುತ್ತಿ, ಎರಡು ಎಳೆಗಳನ್ನೂ ನೆಲದಿಂದ ಒಂದೇ ಎತ್ತರದಲ್ಲಿ ಮುಂದಿನ ಟೈರಿನವರೆಗೆ ಎಳೆದು ಹಿಡಿಯಿರಿ. ಹಿಂದಿನ ಟೈರಿನ ಮುಂಭಾಗಕ್ಕೂ ದಾರ ತಾಗುತ್ತಿರಬೇಕು, ಹ್ಯಾಂಡಲ್ ನೇರವಾಗಿರಬೇಕು. ಆಗ ಮುಂದಿನ ಟೈರಿನ ಎರಡೂ ಪಕ್ಕದಲ್ಲಿ ಅಂತರ ಒಂದೇ ಆಗಿದ್ದರೆ ಚಕ್ರ ನೇರವಾಗಿದೆ ಎಂದರ್ಥ. ಸ್ಟ್ಯಾಂಡಿನ ಕಾಲಿಗೆ ದಾರ ಸಿಕ್ಕಿಕೊಂಡರೆ ಅಳತೆಯೇ ಕೆಡುತ್ತದೆ.

ಬ್ರೇಕ್ ಚಿಂತೆ:
ಒಂದು ಮಾತು ಸೇರಿಸಲೇಬೇಕು. ಬ್ರೇಕ್ ಪ್ಲೇಟನ್ನು ಸ್ವಿಂಗ್ ಆರ್ಮಿಗೆ ಕಟ್ಟಿಹಾಕುವ ಸ್ಟಾಪರ್ ರಾಡಿನ ಬೋಲ್ಟನ್ನು ಮರೆತರೆ, ಬ್ರೇಕ್ ಒತ್ತಿದ ಕ್ಷಣದಲ್ಲಿ ಪ್ಲೇಟೇ ಚಕ್ರದೊಡನೆ ತಿರುಗಿ ಪ್ರಾಣಕ್ಕೆ ಕುತ್ತು ಬರಬಹುದು. ಅದನ್ನು ಬಿಗಿದು, ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಇದ್ದರೆ ಹೊಸದನ್ನೇ ಹಾಕಿ. ಬ್ರೇಕ್ ಪೆಡಲ್ ಒತ್ತಿ ಹಿಡಿದು ಆಕ್ಸಲ್ ನಟ್ ಬಿಗಿದರೆ ಬ್ರೇಕ್ ಶೂಗಳು ಅವು ಒತ್ತುವ ಡ್ರಮ್ಮಿನ ನಡುವೆ ಸಮವಾಗಿ ಕೂರುತ್ತವೆ.

ಮಲೆನಾಡ ಸವಾರ:
ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸ್ಲೀವ್ ನಟ್ ಸಡಿಲಿಸಿದ ಕೂಡಲೇ ಎಡಬದಿ ಸರಿಯಿತು. ದಾರ ಹಿಡಿದು ನೋಡಿದಾಗ, ಚಕ್ರ ನೇರವಾಗುವುದು ಎಡಗಡೆಯ ಅಡ್ಜಸ್ಟರ್ ಬಲಗಡೆಯದಕ್ಕಿಂತ ಅರ್ಧ ಗೀಟಿನಷ್ಟು ಹಿಂದಿದ್ದಾಗ ಎಂದು ಗೊತ್ತಾಯಿತು. ಆ ಜಾಗಕ್ಕೆ ಬಿಳಿ ಬಣ್ಣದ ಚುಕ್ಕೆ ಇಟ್ಟಿದ್ದೇನೆ. ಎಳೆತ ಹೋಗಿದೆ, ಸದ್ದೂ ನಿಂತಿದೆ.