ಪದಚರ್ಚೆ: ಮಸುಕೋ, ಮಾಸಲೋ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಜಗಳ ತಂದಿದ್ದೇನೆ. ಅದು ಹುಟ್ಟಿದ್ದು ಮುಂಬೈನ ಮಾಟುಂಗಾದ ನಮ್ಮ ಮನೆಯ ಬಚ್ಚಲಲ್ಲಿ. ರಾತ್ರಿ ಹನ್ನೊಂದರ ಮೇಲೆ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಕೆಂಪು ಬಲ್ಬು ಹಾಕಿದರೆ ಅದೇ ನನ್ನ ಡಾರ್ಕ್‌ರೂಮು. ವಾಷಿಂಗ್ ಮಷೀನಿನ ಮೇಲೆ ಎನ್‌ಲಾರ್ಜರ್ ಕೂರುತ್ತದೆ. ನೆಗೆಟಿವಿನ ಮೂಲಕ ಬೆಳಕು ಹಾಯಿಸಿ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ ಅದು.

ಅದಕ್ಕೆ ನನ್ನ ಹತ್ತಿರ ಎರಡು ಲೆನ್ಸು ಇವೆ. (‘ಮಸೂರ’ ಅನ್ನೋಣವೆಂದರೆ ಇಲ್ಲಿ ಅಂಗಡಿಯವನು ಬೇಳೆ ತೂಗಿ ಕೊಡುತ್ತಾನೆ.) ಎರಡೂ 50 ಎಂಎಂ, ಎಫ್ 2.8ರ ಎಲ್-ನಿಕ್ಕೋರ್, ನಿಕಾನ್ ಕಂಪನಿಯವು. ಒಂದು ಹಳೇದು, ಚೋರ್ ಬಜಾರಿನಲ್ಲಿ ಸಿಕ್ಕಿದ್ದು. ಇನ್ನೊಂದು ಆಮೇಲೆ ಬಂದ ‘ಎನ್’ ಮಾದರಿ, ಎನ್‌ಲಾರ್ಜರ್ ದೀಪಕ್ಕೆ ಅದರ ಅಪರ್ಚರ್ ಅಂಕಿಗಳು (ಬೆಳಕು ಹಾಯುವ ಕಂಡಿಯ ಅಳತೆ; ಅಂಕಿ ದೊಡ್ಡದಾದಷ್ಟೂ ಕಂಡಿ ಸಣ್ಣದು) ಬೆಳಗುತ್ತವೆ. ಎರಡರಲ್ಲೂ ಆರಾರು ಗಾಜು. ಯಂತ್ರಕ್ಕೆ ಕೂರಿಸುವ ತಿರುಪೂ ಒಂದೇ, 39 ಎಂಎಂ. ಫೂಲ್ ಗಲ್ಲಿಯಲ್ಲಿ ಅಮ್ಮ ಮಲ್ಲಿಗೆ ಆರಿಸುತ್ತಿರುವ ಒಂದೇ ನೆಗೆಟಿವನ್ನು ಎರಡರಲ್ಲೂ ಕಂಡಿಯನ್ನು 8ಕ್ಕೆ ಮುಚ್ಚಿ, 8×10 ಇಂಚಿನ ಕಾಗದಕ್ಕೆ ಪ್ರಿಂಟ್ ಹಾಕಿದೆ.

ತಂಗಿ ಮಗ ನೋಡಿದ. “ಮಾಮ, ಹಳೇದು ಮಸುಕಾಗಿದೆ.”

“ಮಸುಕಲ್ಲ ಕಣೋ, ಮಾಸಲು” ಅಂದೆ.

“ಎರಡೂ ಒಂದೇ ಅಲ್ವಾ? ಸುಮ್ನೆ ಪದಕ್ಕೆ ಗಂಟು ಬೀಳ್ತೀಯ.”

ಒಂದೇ ಅಲ್ಲ ಅಂತ ನನ್ನ ವಾದ. ಭೂತಗನ್ನಡಿ ಹಿಡಿದರೆ ಅಮ್ಮನ ಸೀರೆ ಅಂಚಿನ ಎಳೆಗಳನ್ನು ಎರಡು ಪ್ರಿಂಟಿನಲ್ಲೂ ಎಣಿಸಬಹುದು. ಹಾಗಾದರೆ ಮಸುಕೆಲ್ಲಿ? ಕೆಟ್ಟಿದ್ದು ಮಲ್ಲಿಗೆ. ಹೊಸ ಲೆನ್ಸಿನಲ್ಲಿ ಅದು ಬೆಳ್ಳಗಿದೆ, ಹಳೇದರಲ್ಲಿ ಹತ್ತು ಸಲ ಒಗೆದ ಬನಿಯನ್ನಿನ ಹಾಗಿದೆ. ತಪ್ಪು ನನ್ನದೇ. ಎರಡು ಮಳೆಗಾಲ ಆ ಲೆನ್ಸನ್ನು ಬೀರುವಿನಲ್ಲೇ ಬಿಟ್ಟಿದ್ದೆ, ಗಾಜಿನ ಮೇಲೆ ತೆಳ್ಳಗೆ ಪೊರೆ ಬಂತು. ಪೊರೆಗೆ ಸಿಕ್ಕ ಬೆಳಕು ಚೆದುರುತ್ತದೆ. ಕ್ಯಾಮೆರಾದಲ್ಲಾದರೆ ಅದು ಕಪ್ಪನ್ನು ಕೆಡಿಸುತ್ತದೆ. ಎನ್‌ಲಾರ್ಜರಿನಲ್ಲಿ ಉಲ್ಟಾ, ಕಾಗದದ ಮೇಲೆ ಬೆಳಕು ಬಿದ್ದಲ್ಲೇ ಕಪ್ಪಾಗುವುದು: ನೆಗೆಟಿವ್‌ನ ತೆಳು ಜಾಗದಿಂದ ಬಂದ ಬೆಳಕು ಬಿಳಿ ಉಳಿಯಬೇಕಾದ ಕಡೆ ಚೆಲ್ಲಿ, ಅಲ್ಲಿ ಬೂದಿ ಬಣ್ಣ ಬರಿಸುತ್ತದೆ. ಬಿಳಿ ಪಂಚೆ ಮಾಸುವುದು ಹೀಗೇ ಅಲ್ವಾ?

ನಿಜವಾದ ಮಸುಕು ಬೇರೆ. ಹಳೇದನ್ನು 2.8ಕ್ಕೆ ಪೂರ್ತಿ ತೆರೆದಾಗ ಮೂಲೆಯ ಹೂಬುಟ್ಟಿಯ ಹೆಣಿಗೆ ಕರಗಿಹೋಯಿತು. 8ಕ್ಕೆ ಮುಚ್ಚಿದರೆ ವಾಪಸು ಬಂತು. ಮೂರು ಗಾಜಿನ ಅಗ್ಗದ ಲೆನ್ಸುಗಳಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಆದರೆ ಮಾಸಲು ಹೀಗೆ ಮುಚ್ಚಿದರೆ ಹೋಗುವುದಿಲ್ಲ. ಅದಕ್ಕೆ ಕಪ್ಪು-ಬಿಳುಪಿನ ಅಂತರ ಹೆಚ್ಚಿಸಲು ಕಾಂಟ್ರಾಸ್ಟ್ ಫಿಲ್ಟರನ್ನು 2ರಿಂದ 3ಕ್ಕೆ ಬದಲಿಸಬೇಕು, ಆಗಲೂ ಪೂರ್ತಿ ಸರಿಹೋಗದು. ಇವೆರಡನ್ನೂ ‘ಮಂಕು’ ಅಂತ ಒಂದೇ ಮೂಟೆ ಕಟ್ಟುವವರ ಮೇಲೆ ನನಗೆ ಸಿಟ್ಟು.

ಇಲ್ಲಿಯವರೆಗೆ ನಾನೇ ಗೆದ್ದೆ. ಸಿಕ್ಕಿಬಿದ್ದದ್ದು ಎದುರುಪದಗಳಲ್ಲಿ. ಮಸುಕಿನ ಎದುರು ಏನು? ಪೆನ್ಸಿಲ್ ಚೂಪು, ಚಾಕು ಹರಿತ. ಫೋಟೋ? ‘ಸ್ಫುಟ’ ಅಂದರೆ ಮೇಷ್ಟರು ಮಾತಾಡಿದ ಹಾಗಿರುತ್ತದೆ. ನನ್ನ ಮನಸ್ಸು ‘ನಿಚ್ಚಳ’ದ ಕಡೆಗಿದೆ. ಮಾಸಲಿನ ಎದುರು ಮಾತ್ರ ಹೊಳೆಯುತ್ತಿಲ್ಲ.

ಪಕ್ಕದ ಮನೆಯ ಮರಾಠಿ ಕಾಕಾ ಹೊಸ ಪ್ರಿಂಟ್ ನೋಡಿ “ಠಳಕ್” ಅಂದರು. ನನ್ನ ಕಿವಿಗೆ ‘ಥಳಕು’ ಅಂತ ಬಿತ್ತು, ಮುಖ ಸಪ್ಪಗಾಯಿತು. ನಮಗೆ ಥಳಕು ಅಂದರೆ ಥಳಕುಬಳುಕು, ಮೇಲುಮೇಲಿನ ಹೊಳಪು. ಅವರು ಹೇಳಿದ್ದು ಎದ್ದು ಕಾಣುವಂಥದ್ದು ಅಂತ. ಮುಖ್ಯ ಸುದ್ದಿಗಳಿಗೆ ಮರಾಠಿಯಲ್ಲಿ ‘ಠಳಕ್ ಬಾತಮ್ಯಾ’ ಅನ್ನುತ್ತಾರಲ್ಲ, ಅದೇ ಪದ. ಇವೆರಡೂ ನೆಂಟರೋ? ಬೆಳಗಾವಿ, ಧಾರವಾಡದ ಕಡೆ ಕನ್ನಡದಲ್ಲಿ ‘ಠಳಕ’ ಕೇಳಿದವರಿದ್ದರೆ ಯಾವ ಅರ್ಥದಲ್ಲಿ ಅಂತ ದಯವಿಟ್ಟು ಬರೆಯಿರಿ.

ಮರೆತಿದ್ದೆ, ಇನ್ನೊಂದು. 5.6ರಿಂದ 8ಕ್ಕೆ ಹೋದರೆ ಏರಿಸುವುದೋ ಇಳಿಸುವುದೋ? ಅಂಕಿ ಏರುತ್ತದೆ, ಬೆಳಕು ಇಳಿಯುತ್ತದೆ. 8ಕ್ಕೆ ಹೋಗಲಿ ಅಂತ ಕತ್ತಲಲ್ಲಿ ತಂಗಿ ಮಗನಿಗೆ “ಇಳಿಸೋ” ಅಂದೆ. ಅವನು 2.8ಕ್ಕೆ ಇಳಿಸಿದ. ಬೇಕಿದ್ದದ್ದರ ಎಂಟು ಪಟ್ಟು ಬೆಳಕು ಬಿದ್ದು ಹಾಳೆ ಕರ್ರಗಾಯಿತು.