‘ಮ್ಯುಟೇಶನ್’ಗೆ ರೈತರಿಗೂ ತಿಳಿಯುವ ಕನ್ನಡ ಪದ ಯಾವುದು?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳಬೇಕಿತ್ತು. ತಲೆಮಾರಿನಿಂದ ತಲೆಮಾರಿಗೆ ಗುಣಗಳನ್ನು ದಾಟಿಸುವ ಜೀನಿನಲ್ಲಿ ಆಗುವ ಬದಲಾವಣೆಗೆ ವಿಜ್ಞಾನದಲ್ಲಿ ‘ಮ್ಯುಟೇಶನ್’ ಅನ್ನುತ್ತಾರೆ.

ನಾನಿರುವುದು ಮುಂಬೈಯ ಚೆಂಬೂರಿನಲ್ಲಿ. ಹೋದ ದೀಪಾವಳಿಗೆ ಕೊಪ್ಪಳದ ಕಡೆಯಿಂದ ಸೋದರಮಾವ ಬಂದಿದ್ದರು. ಅವರು ಬಿತ್ತುವುದು ಟಿಎಜಿ-24 ಶೇಂಗಾ, 1991ರಲ್ಲಿ ಬಂದ ಗಿಡ್ಡ ತಳಿ. ಹೆಸರಿನಲ್ಲಿರುವ ‘ಟಿ’ ಅಂದ್ರೆ ನಮ್ಮ ಪಕ್ಕದ ಟ್ರಾಂಬೆ. ಅಲ್ಲಿನ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಶೇಂಗಾ ಬೀಜಕ್ಕೆ ಎಕ್ಸ್‌ರೇ ಹಾಯಿಸಿ ದಪ್ಪ ಕಾಳಿನ ಟಿಜಿ-1 ತೆಗೆದರು, 1973ರಲ್ಲಿ ಅದು ರೈತರ ಕೈಗೆ ಬಂತು. ಇದನ್ನೆಲ್ಲ ಹೇಳುತ್ತಾ “ಮ್ಯುಟೇಶನ್ ಮಾಡಿ ತೆಗೆದದ್ದು ಮಾಮಾ” ಅಂದೆ.

“ಹೊಲದ ಮ್ಯುಟೇಶನ್ ಗೊತ್ತೈತಿ. ಬೀಜಕ್ಕೂ ಮಾಡಸ್ತಾರೇನು?” ಅಂದರು.

ಅವರು ಕೇಳಿದ್ದು ಸರಿಯಾಗಿಯೇ ಇದೆ. ಹೊಲ ಅಪ್ಪನಿಂದ ಮಗನ ಹೆಸರಿಗೆ ಬಂದರೆ ಅದೂ ಮ್ಯುಟೇಶನ್ನೇ. ಇಲ್ಲಿಯ ಮರಾಠಿ ಜನ ಅದನ್ನು ‘ಫೇರ್‌ಫಾರ್’ ಅನ್ನುತ್ತಾರೆ. ಲ್ಯಾಟಿನ್ ಮೂಲದಲ್ಲಿ ಆ ಪದಕ್ಕಿರುವುದು ಬರೀ ‘ಬದಲಾಗು’ ಅನ್ನುವ ಅರ್ಥ. ಒಳ್ಳೆಯದೋ ಕೆಟ್ಟದ್ದೋ ಅದು ಹೇಳುವುದಿಲ್ಲ.

ಹಾಗಾಗಿ ಅದಕ್ಕೆ ಕನ್ನಡದಲ್ಲಿ ‘ವಿಕೃತಿ’ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಕುಡುಗೋಲು ಕಣ (ಸಿಕಲ್ ಸೆಲ್) ಕಾಯಿಲೆಯನ್ನೇ ನೋಡಿ. ಜೀನ್ ಅಂದರೆ ಎ, ಟಿ, ಜಿ, ಸಿ ಅನ್ನುವ ನಾಲ್ಕು ರಾಸಾಯನಿಕ ‘ಅಕ್ಷರ’ಗಳ ಬರಹ ಅಂದುಕೊಳ್ಳಿ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕಟ್ಟುವ ಜೀನಿನಲ್ಲಿ ಒಂದು ಕಡೆ ‘ಜಿಎಜಿ’ ಇರಬೇಕಾದ್ದು ‘ಜಿಟಿಜಿ’ ಆಗುತ್ತದೆ. ಬದಲಾದದ್ದು ಒಂದೇ ಅಕ್ಷರ. ಅಪ್ಪ ಅಮ್ಮ ಇಬ್ಬರಿಂದಲೂ ಅದು ಬಂದರೆ ರಕ್ತಕಣ ಕುಡುಗೋಲಿನಂತೆ ಬಾಗಿ ಮಗು ನರಳುತ್ತದೆ. ಒಬ್ಬರಿಂದ ಮಾತ್ರ ಬಂದರೆ ಮಲೇರಿಯಾದಿಂದ ಒಂದಷ್ಟು ರಕ್ಷಣೆ ಸಿಗುತ್ತದೆ. ಒಂದೇ ಬದಲಾವಣೆ, ಎರಡು ಫಲ. ಅದನ್ನು ಹೊತ್ತ ಮಗುವಿನ ಎದುರು ‘ವಿಕೃತಿ’ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಮಾಮನಿಗೆ ನಾನು ಹೇಳಿದ್ದು ಹೀಗೆ: ‘ಹಾಲು’ ಬರೆಯುವಾಗ ‘ಲ’ ಹೋಗಿ ‘ಳ’ ಬಂದರೆ ‘ಹಾಳು’ ಆಗುತ್ತದೆ. ‘ಗಂಟೆ’ಯನ್ನು ‘ಘಂಟೆ’ ಅಂತ ಬರೆದರೆ ಏನೂ ಆಗುವುದಿಲ್ಲ. ಜೀನಿನಲ್ಲೂ ಎಷ್ಟೋ ಬದಲಾವಣೆಗಳು ಹೀಗೆ ಸುಮ್ನೆ ಇದ್ದುಬಿಡುತ್ತವೆ. ಅಪರೂಪಕ್ಕೆ ಒಂದರಿಂದ ಕಾಳು ದಪ್ಪ ಆಗುತ್ತದೆ. ಅವರಿಗೆ ತಕ್ಷಣ ತಿಳಿಯಿತು. ಆದರೆ ಆಮೇಲೆ ಕೇಳಿದರು, “ಅಂದ್ರ ಇದೂ ಕುಲಾಂತರಿನ?”

ಅಲ್ಲ. ಬಿಟಿ ಹತ್ತಿಯಲ್ಲಿ ಹೊರಗಿನ ಬ್ಯಾಕ್ಟೀರಿಯಾದ ಜೀನನ್ನು ತಂದು ಸೇರಿಸುತ್ತಾರೆ. ಟ್ರಾಂಬೆ ಶೇಂಗಾದಲ್ಲಿ ಬದಲಾದದ್ದು ಅದರದೇ ಅಕ್ಷರ. ಈ ವ್ಯತ್ಯಾಸ ಪದದಲ್ಲೇ ಕಾಣಬೇಕು, ಅಲ್ವಾ?

ಪಠ್ಯಪುಸ್ತಕದ ‘ಉತ್ಪರಿವರ್ತನೆ’ ತಪ್ಪಲ್ಲ. ಆದರೆ ಅದನ್ನು ಹೊಲದ ಬದುವಿನ ಮೇಲೆ ನಿಂತು ಯಾರೂ ಹೇಳುವುದಿಲ್ಲ. ‘ರೂಪಾಂತರ’ ಅಂದರೆ ಈಗ ಜನರಿಗೆ ಕೊರೊನಾ ನೆನಪಾಗುತ್ತದೆ. ಅಲ್ಲದೆ ಕಂಬಳಿಹುಳ ಚಿಟ್ಟೆಯಾಗುವುದಕ್ಕೂ ಅದೇ ಪದ ಬಳಸುವವರಿದ್ದಾರೆ, ಅಲ್ಲಿ ಜೀನಿನ ಅಕ್ಷರವೇನೂ ಬದಲಾಗುವುದಿಲ್ಲ. ‘ಅಕ್ಷರಪಲ್ಲಟ’ ನನಗೆ ತುಂಬಾ ಇಷ್ಟ. ಆದರೆ ಅದರಲ್ಲಿ ಅಕ್ಷರಗಳು ಜಾಗ ಅದಲುಬದಲು ಆದ ಅರ್ಥವೇ ಜಾಸ್ತಿ. ಸದ್ಯಕ್ಕೆ ‘ಜೀನ್ ಮಾರ್ಪಾಟು’ ಅನ್ನುತ್ತಿದ್ದೇನೆ. ಯಾರೋ ಬೇಕೆಂದೇ ಮಾಡಿದ ಹಾಗೆ ಕೇಳಿಸುತ್ತದೆ ಅನ್ನುವುದು ಅದರ ಕೊರತೆ. ಇಂಥದ್ದು ತಾನಾಗಿಯೂ ಆಗುತ್ತಲೇ ಇರುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಸಾಲಿನಲ್ಲಿ ಒಂದು ಗಿಡ ಮಾತ್ರ ಬೇರೆ ಥರ ಎದ್ದು, ಅದರ ಬೀಜ ಹಾಕಿದರೂ ಹಾಗೇ ಬಂದರೆ ನಿಮ್ಮೂರಲ್ಲಿ ಹಿರಿಯರು ಅದಕ್ಕೆ ಏನನ್ನುತ್ತಾರೆ? ಊರಿನ ಹೆಸರನ್ನೂ ಸೇರಿಸಿ ಬರೆಯಿರಿ.